ಗಿರಣಿಯ ಮೇಲಿನ ಮಾಸ್ಟರು

ಮಾಸ್ಟರ ಮುಖ ನೋಡಿದರೆ ಕಾಲೇಜು ಹುಡುಗ, ಪಾದ ನೋಡಿದರೆ ಅರವತ್ತು ದಾಟಿದ ರೈತ. ಹಿಮ್ಮಡಿಗಳು ಒಡೆದು, ಆ ಒಡಕುಗಳಲ್ಲಿ ಯಾವ ಕಾಲದ್ದೋ ಮಣ್ಣು ಕಪ್ಪಗೆ ಕೂತುಬಿಟ್ಟಿತ್ತು. ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿಕೊಂಡಿತ್ತು. ಅಂಥ ಪಾದಗಳು ಕೆಂಪು ನೆಲದ ಮೇಲೆ ಸದ್ದೇ ಇಲ್ಲದೆ ಹಿಂದೆ ಮುಂದೆ ಓಡಾಡುವುದನ್ನು ಮೊದಲ ಸಲ ನೋಡಿದಾಗ ನಾನು ಬೆಂಚಿನ ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದೆ. ಕುಣಿಯುವುದಿರಲಿ, ನೋಡುವುದಕ್ಕೇ ನನಗೆ ಭಯವಾಗುತ್ತಿತ್ತು.

ಆಗ ನನಗೆ ಇಪ್ಪತ್ತು ವರ್ಷ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟ್ರು. ನನಗೆ ಹದಿಮೂರನೆಯ ವಯಸ್ಸಿನಿಂದ ಫಿಟ್ಸ್ ಬರುತ್ತಿತ್ತು. ಈ ವಾಕ್ಯವನ್ನು ಹೀಗೆ ನೇರವಾಗಿ ಬರೆಯಲು ಬಹಳ ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಆ ಪದವನ್ನು ಯಾರೂ ಆಡುತ್ತಿರಲಿಲ್ಲ. ‘ಅದು’ ಅನ್ನುತ್ತಿದ್ದರು. ‘ಅದು ಬಂದಿತ್ತಾ?’ ‘ಅದರ ಮಾತ್ರೆ ನುಂಗಿದ್ಯಾ?’ ಹಾಸನದ ಡಾಕ್ಟರ ಹತ್ತಿರ ಹೋಗುವುದೂ ಬೆಳಗಿನ ಮೊದಲ ಬಸ್ಸಿಗೆ. ಬೀದಿಯವರು ಕೇಳಿದರೆ ಕಣ್ಣು ತೋರಿಸುವುದಕ್ಕೆ ಅಂತ ಹೇಳಬೇಕು. ಹೊಳೆಯ ಮೆಟ್ಟಿಲು ಇಳಿಯುವಂತಿಲ್ಲ, ಒಲೆಯ ಮುಂದೆ ಒಬ್ಬಳೇ ನಿಲ್ಲುವಂತಿಲ್ಲ, ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುವಂತಿಲ್ಲ. ನಾನು ಸ್ನಾನ ಮಾಡುವಷ್ಟು ಹೊತ್ತೂ ಅಮ್ಮ ಬಾಗಿಲ ಹೊರಗೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಷ್ಟೋ ದಿನ ಮೊರದಲ್ಲಿ ಅಕ್ಕಿಯೇ ಇರುತ್ತಿರಲಿಲ್ಲ.

ಅದು ಬರುವ ಮುಂಚೆ ಸುತ್ತಲಿನ ಸದ್ದೆಲ್ಲ ದೂರ ಸರಿದಂತಾಗುತ್ತಿತ್ತು, ಹೊಟ್ಟೆಯೊಳಗಿಂದ ಏನೋ ಮೇಲಕ್ಕೆ ಏಳುತ್ತಿತ್ತು. ಹಾಗಾಗಿ ಮೆಟ್ಟಿಲು ಹತ್ತಿ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಂಡರೂ ಸಾಕು, ಇದು ಅದೇನಾ ಅಂತ ನಿಂತುಬಿಡುತ್ತಿದ್ದೆ. ಇಡೀ ದಿನ ನನ್ನ ಮೈಯನ್ನು ನಾನೇ ಕಾವಲು ಕಾಯುವುದಾಗಿತ್ತು.

ಆ ಬೇಸಿಗೆ ರಜೆಯಲ್ಲಿ ಹನ್ನೆರಡು ವರ್ಷದ ನನ್ನ ತಂಗಿ ಹಟ ಮಾಡಿ ಡ್ಯಾನ್ಸ್ ಕ್ಲಾಸಿಗೆ ಸೇರಿದಳು. ಹಿಟ್ಟಿನ ಗಿರಣಿಯ ಮೇಲಿನ ಹಾಲಿನಲ್ಲಿ ಹೊಸದಾಗಿ ಬಂದ ಮಾಸ್ಟರೊಬ್ಬರು ಕಲಿಸುತ್ತಿದ್ದರು. ‘ತಂಗೀನ ಕರ್ಕೊಂಡು ಹೋಗಿ ಕರ್ಕೊಂಡು ಬಾರೇ’ ಅಂತ ಅಮ್ಮ ನನಗೆ ಹೇಳಿದಳು. ಅಡುಗೆಮನೆಯಲ್ಲಿ ತಂಗಿಯ ಕಿವಿಯಲ್ಲಿ ‘ಅಕ್ಕನ ಮೇಲೆ ಕಣ್ಣಿಟ್ಟಿರು’ ಅಂದದ್ದೂ ನನಗೆ ಕೇಳಿಸಿತು.

ಮಾಸ್ಟರು ಅರಕಲಗೂಡು ಕಡೆಯವರು, ಹೊಗೆಸೊಪ್ಪು ಬೆಳೆಯುವ ಮನೆಯವರು. ಮೈಸೂರಿನ ಯಾವುದೋ ಹಾಸ್ಟೆಲಿನ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವ ಕೆಲಸದಲ್ಲಿದ್ದರಂತೆ. ಅಲ್ಲಿ ಓದುತ್ತಿದ್ದ ಕೀನ್ಯಾ ದೇಶದ ಹುಡುಗರು ಭಾನುವಾರಗಳಂದು ಊಟದ ಮೇಜುಗಳನ್ನು ಗೋಡೆಗೆ ಸರಿಸಿ ಕುಣಿಯುತ್ತಿದ್ದರು. ಆ ಕುಣಿತಕ್ಕೆ ಹೌಸ್ ಅಂತ ಹೆಸರು. ಲಟ್ಟಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಇವರನ್ನು ಅವರಲ್ಲೊಬ್ಬ ಒಳಗೆ ಎಳೆದುಕೊಂಡಿದ್ದ. ‘ಆ ಹುಡ್ಗಂಗೆ ಕನ್ನಡ ಬರಾಕಿಲ್ಲ, ನಂಗೆ ಇಂಗ್ಲಿಷ್ ಬರಾಕಿಲ್ಲ. ಕಾಲಲ್ಲೇ ಮಾತಾಡ್ಕಂಡ್ವಿ’ ಅನ್ನುತ್ತಿದ್ದರು. ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ಕೇಳಿಸಿದ್ದು ಹೆಸರೊಂದೇ. ‘ಹೌಸ್ ಅಂದ್ರೆ ಮನೇಲಿ ಆಡೋದು ತಾನೇ? ಒಳ್ಳೇದೇ ಆಯ್ತು, ಬೀದೀಲಿ ಕುಣಿಯೋದು ಬೇಡ’ ಅಂದಳು.

ಎರಡು ವಾರ ನಾನು ಬೆಂಚು ಬಿಟ್ಟು ಏಳಲಿಲ್ಲ. ಮಾಸ್ಟರು ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಹೆಜ್ಜೆ ಮೂರೇ ಮಾತಿನದು: ಹಿಂದೆ, ಪಕ್ಕ, ಮುಂದೆ. ಬಲಗಾಲು ಎಡಗಾಲಿನ ಹಿಂದೆ ಹೋಗಬೇಕು, ಎಡಗಾಲು ಪಕ್ಕಕ್ಕೆ ಸರಿಯಬೇಕು, ಬಲಗಾಲು ಮುಂದೆ ಬರಬೇಕು. ಆಮೇಲೆ ಅದನ್ನೇ ಇನ್ನೊಂದು ಕಾಲಿನಿಂದ. ಕೆಳಗೆ ಗಿರಣಿಯ ಬೆಲ್ಟು ಪಟ್ ಪಟ್ ಅಂತ ಹೊಡೆಯುತ್ತಿತ್ತು. ಟೇಪ್ ರೆಕಾರ್ಡರು ಕೈಕೊಟ್ಟ ದಿನ ಆ ಬೆಲ್ಟಿನ ತಾಳಕ್ಕೇ ಪಾಠ ನಡೆಯುತ್ತಿತ್ತು.

ಒಂದು ಸಂಜೆ ಅವರು ನನ್ನ ಮುಂದೆ ಬಂದು ನಿಂತರು. ‘ಯಾಕಮ್ಮ, ದಿನಾ ಕೂತೇ ಇರ್ತೀರಾ?’

‘ನನಗೆ ಇದೆಲ್ಲ ಬರಲ್ಲ.’

‘ಬೆಂಚಿನ ಕೆಳಗೆ ನಿಮ್ಮ ಕಾಲು ಹೆಜ್ಜೆ ಹಾಕ್ತಾ ಅವೆ. ನೀವು ಬರಾಕಿಲ್ಲ ಅಂತೀರಿ.’

ತಂಗಿ ಗಾಬರಿಯಿಂದ ನನ್ನತ್ತ ನೋಡಿದಳು. ನಾನು ಅವಳತ್ತ ನೋಡಲಿಲ್ಲ. ಎದ್ದುನಿಂತೆ. ಆ ದಿನ ಯಾಕೆ ಎದ್ದೆನೋ ಈಗಲೂ ಹೇಳಲಾರೆ. ನನ್ನನ್ನು ಯಾರಾದರೂ ಎದ್ದು ನಿಲ್ಲು ಅಂದು ಏಳು ವರ್ಷವಾಗಿತ್ತು. ಎಲ್ಲರೂ ಕೂತುಕೋ ಅನ್ನುವವರೇ.

ಕಿಟಕಿಯ ಸರಳು ಹಿಡಿದುಕೊಂಡು ಶುರುಮಾಡಿದೆ. ಹಿಂದೆ ಇಡುವುದು ಸುಲಭ. ಪಕ್ಕಕ್ಕೆ ಸರಿಯುವಾಗ ಮಾತ್ರ ಎರಡು ಕಾಲೂ ಕತ್ತರಿ ಬಿದ್ದು, ಮೈಭಾರ ಯಾವ ಕಾಲಿನ ಮೇಲೂ ಇಲ್ಲದ ಒಂದು ಗಳಿಗೆ ಬರುತ್ತಿತ್ತು. ಆ ಗಳಿಗೆಯಲ್ಲಿ ಹೊಟ್ಟೆ ಜುಮ್ ಅಂದರೆ ಅದು ಹೆಜ್ಜೆಯಿಂದ ಬಂದದ್ದೋ ಅಥವಾ ‘ಅದೋ’ ನನಗೆ ತಿಳಿಯುತ್ತಿರಲಿಲ್ಲ. ಬೆವೆತು, ಸರಳು ಬಿಡದೆ ನಿಂತುಬಿಡುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದರು.

‘ಏನು ಎದ್ರಿಕೆ?’ ಅಂದರು ಮಾಸ್ಟರು.

‘ಬೀಳ್ತೀನಿ ಅಂತ.’

‘ಬಿದ್ರೆ ನೆಲ ಐತಲ್ಲಮ್ಮ. ನೆಲಕ್ಕಿಂತ ಕೆಳಕ್ಕೆ ಯಾರೂ ಬಿದ್ದಿಲ್ಲ. ಮಂಡಿ ಬಿಗೀಬ್ಯಾಡಿ. ಸಂತೆಯಿಂದ ತಲೆ ಮ್ಯಾಲೆ ಮೂಟೆ ಒತ್ಕಂಡು ಬರೋ ಎಂಗಸರ ಮಂಡಿ ನೋಡಿದೀರಾ? ಎಷ್ಟು ಸಡ್ಲ ಇರ್ತವೆ! ಅಂಗೆ ಬುಡಿ.’

ಮರುದಿನ ಸಂತೆಯ ದಾರಿಯಲ್ಲಿ ನಿಂತು ಹೆಂಗಸರ ಮಂಡಿಗಳನ್ನೇ ನೋಡಿದೆ. ತಂಗಿ ನಾಚಿಕೆಯಿಂದ ನನ್ನ ಸೆರಗು ಎಳೆಯುತ್ತಿದ್ದಳು.

ಹತ್ತು ದಿನಕ್ಕೆ ಸರಳು ಬಿಟ್ಟೆ. ಮೂರು ವಾರಕ್ಕೆ ಬೆಲ್ಟಿನ ತಾಳಕ್ಕೆ ಹೆಜ್ಜೆ ಕೂಡಿತು. ಮಾಸ್ಟರು ಹೊಗಳುವವರಲ್ಲ. ಹೆಜ್ಜೆ ಸರಿಬಿದ್ದರೆ ‘ಊಂ, ಇನ್ನೊಂದ್ಸಲ’ ಅನ್ನುತ್ತಿದ್ದರು, ತಪ್ಪಿದರೂ ಅದನ್ನೇ ಅನ್ನುತ್ತಿದ್ದರು. ಎರಡಕ್ಕೂ ದನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಕೇಳಿಸಿಕೊಳ್ಳುವುದಕ್ಕೆ ನಾನು ಕಿವಿ ನೆಟ್ಟಿರುತ್ತಿದ್ದೆ. ಪಾಠ ಮುಗಿದ ಮೇಲೆ ಅವರು ತಾವೇ ಮಂಡಿಯೂರಿ ನೆಲ ಒರೆಸುತ್ತಿದ್ದರು. ಗಿರಣಿಯ ಹಿಟ್ಟಿನ ಧೂಳು ಮೇಲಿನವರೆಗೂ ಬರುತ್ತಿತ್ತು. ಮಕ್ಕಳ ಕಾಲು ಜಾರಬಾರದು ಅಂತ ಮೊದಲು ಒದ್ದೆ ಬಟ್ಟೆ, ಆಮೇಲೆ ಒಣಬಟ್ಟೆ. ಮಕ್ಕಳು ಸಹಾಯಕ್ಕೆ ಹೋದರೆ ಬಿಡುತ್ತಿರಲಿಲ್ಲ.

ಆಗಲೇ ನಾನೊಂದು ತಪ್ಪು ಮಾಡಿದೆ. ಮಾತ್ರೆ ನುಂಗಿದರೆ ಮಂಪರು, ಕಾಲು ಅರ್ಧ ತಾಳ ಹಿಂದೆ ಬೀಳುತ್ತದೆ ಅನ್ನಿಸುತ್ತಿತ್ತು. ಒಂದು ದಿನ ಬಿಟ್ಟೆ. ಏನೂ ಆಗಲಿಲ್ಲ. ಹೆಜ್ಜೆ ಹಗುರಾಯಿತು. ನಾಲ್ಕು ದಿನ ಬಿಟ್ಟೆ. ಅಮ್ಮನ ಮುಂದೆ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಹಿಂದೆ ಉಗುಳುತ್ತಿದ್ದೆ. ಅದೇ ವಾರ ಅರಕಲಗೂಡಿನ ಒಂದು ಸಂಬಂಧದವರು ನನ್ನನ್ನು ನೋಡಲು ಬರುವುದಾಗಿ ಹೇಳಿ ಕಳಿಸಿದ್ದರು. ‘ಅವರಿಗೆ ಏನೂ ಹೇಳೋ ಅಗತ್ಯ ಇಲ್ಲ’ ಅಂತ ಅಪ್ಪ ಗೋಡೆ ನೋಡಿಕೊಂಡು ಹೇಳಿದ್ದರು.

ಐದನೆಯ ದಿನ ಹಾಲಿನಲ್ಲಿ ಏಳೆಂಟು ಮಕ್ಕಳಿದ್ದರು. ಹಿಂದೆ, ಪಕ್ಕ, ಮುಂದೆ ನಡೆದಿತ್ತು. ಬೆಲ್ಟಿನ ಸದ್ದು ಇದ್ದಕ್ಕಿದ್ದಂತೆ ದೂರ ಸರಿಯಿತು. ಗಿರಣಿ ನಿಂತಿತೇನೋ ಅಂದುಕೊಂಡೆ. ಹೊಟ್ಟೆಯೊಳಗಿಂದ ಏನೋ ಏಳತೊಡಗಿದಾಗ ಗೊತ್ತಾಯಿತು. ಬೆಂಚಿನ ಕಡೆ ಹೋಗಬೇಕು ಅಂದುಕೊಂಡದ್ದು ನೆನಪಿದೆ.

ಆಮೇಲಿನದು ತಂಗಿ ಹೇಳಿದ್ದು. ನಾನು ಬಿದ್ದ ಕೂಡಲೇ ಒಬ್ಬಳು ಕಿರುಚಿದಳಂತೆ. ಮಾಸ್ಟರು ಒಂದೇ ನೆಗೆತಕ್ಕೆ ಬಂದು ನನ್ನ ತಲೆ ನೆಲಕ್ಕೆ ಬಡಿಯದಂತೆ ಅಂಗೈ ಕೊಟ್ಟರಂತೆ. ಎರಡನೆಯ ಕೆಲಸ ಟೇಪಿನ ವಾಲ್ಯೂಮ್ ಪೂರ್ತಿ ಏರಿಸುವಂತೆ ತಂಗಿಗೆ ಹೇಳಿದ್ದು. ಆಮೇಲೆ ಗುಡುಗಿದರಂತೆ: ‘ಎಲ್ರೂ ಗೋಡೆ ಕಡೆ ತಿರುಗ್ರಲಾ! ಇಂದೆ, ಪಕ್ಕ, ಮುಂದೆ! ನಾನು ನಿಲ್ಸು ಅನ್ನೋಗಂಟ ನಿಲ್ಲಿಸ್ಬ್ಯಾಡಿ. ತಿರುಗಿ ನೋಡ್ದೋರು ನಾಳೆಯಿಂದ ಬರಾಂಗಿಲ್ಲ!’ ಎಂದೂ ದನಿ ಏರಿಸದ ಮನುಷ್ಯ. ಮಕ್ಕಳು ಹೆದರಿ ಗೋಡೆಗೆ ಮುಖ ಮಾಡಿ ಹೆಜ್ಜೆ ಹಾಕಿದವು. ಅವುಗಳ ಬೆನ್ನ ಹಿಂದೆ ನಾನು ಕೈಕಾಲು ಬಡಿಯುತ್ತಿದ್ದೆ. ಕೆಲವು ಮಕ್ಕಳು ಅಳುತ್ತಲೇ ಕುಣಿಯುತ್ತಿದ್ದವಂತೆ. ಕಿರುಚಿದ್ದು ಕೇಳಿ, ಫಿಟ್ಸಾಗಿದ್ದರೆ ಕೈಗೆ ಕೊಡಲೆಂದು ಗಿರಣಿಯವನು ಕಬ್ಬಿಣದ ಬೀಗದ ಕೈ ಗೊಂಚಲು ಹಿಡಿದು ಮೆಟ್ಟಿಲು ಹತ್ತಿ ಬಂದ. ಮಾಸ್ಟರು ತಂಗಿಯ ಮಡಿಲಿಗೆ ನನ್ನ ತಲೆ ಕೊಟ್ಟು, ಬಾಗಿಲಿಗೆ ಅಡ್ಡ ನಿಂತರು. ‘ಏನೂ ಇಲ್ಲ ಕಣಣ್ಣ. ನಿಮ್ ಗಿರಣಿ ಎಣ್ಣೆ ನನ್ನ ಕಾಲಿಗೆ ಮೆತ್ಕಂಡು ನೆಲಕ್ಕಾಗಿತ್ತು. ಒರೆಸ್ದೆ ಬುಟ್ಟಿದ್ದೆ. ಆಯಮ್ಮ ಜಾರಿ ಬಿದ್ರು, ತಲೆಗೆ ಪೆಟ್ಟಾಗೈತೆ.’

ನನಗೆ ಎಚ್ಚರವಾದಾಗ ಪಕ್ಕಕ್ಕೆ ಮಗ್ಗುಲಾಗಿ ಮಲಗಿದ್ದೆ. ತಲೆಯ ಕೆಳಗೆ ಮಡಿಸಿದ ಶರ್ಟು. ನಾಲಗೆ ಕಚ್ಚಿಕೊಂಡು ಬಾಯೆಲ್ಲ ರಕ್ತದ ರುಚಿ. ಬನಿಯನ್ನಿನಲ್ಲಿದ್ದ ಮಾಸ್ಟರು ಸ್ವಲ್ಪ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಮಕ್ಕಳು ಹೋಗಿದ್ದರು. ನನಗೆ ಮೊದಲು ಹೊಳೆದದ್ದು ಒಂದೇ: ಎಲ್ಲರಿಗೂ ಗೊತ್ತಾಯಿತು.

‘ಯಾರೂ ನೋಡ್ಲಿಲ್ಲ’ ಅಂದರು. ನಾನು ಏನೂ ಕೇಳಿರಲಿಲ್ಲ. ‘ನೀವು ಎಣ್ಣೆ ಮ್ಯಾಲೆ ಜಾರಿದ್ರಿ. ಅಷ್ಟೇಯ. ಮನೇಲೂ ಅಂಗೇ ಏಳಿ.’

ಆಮೇಲೆ ನೆಲ ನೋಡುತ್ತಾ ಇನ್ನೊಂದು ಮಾತು ಹೇಳಿದರು. ‘ನನ್ ತಮ್ಮಂಗೂ ಬತ್ತಿತ್ತು. ಊರೋರು ಅವನ ಎಸರೇ ಮರ್ತುಬುಟ್ರು. ಅದ್ರಿಂದ್ಲೇ ಕರಿಯೋರು. ಕೆರೆ ತಾವ ದನ ಕಾಯಕ್ಕೋದಾಗ ಬಂತು.’ ಎದ್ದು ಬಟ್ಟೆ ತಂದು ನೆಲ ಒರೆಸತೊಡಗಿದರು.

ಕಚ್ಚಿದ ನಾಲಗೆ ನೋಡಿ ಮನೆಯಲ್ಲಿ ನಿಜ ಗೊತ್ತಾಗಿತ್ತು. ಮರುದಿನ ಸಂಜೆ ಅಪ್ಪ ಗಿರಣಿಗೆ ಹೊರಟರು. ಹಾಲಿನಲ್ಲಿ ಮರೆತಿದ್ದ ಚಪ್ಪಲಿ ತರಬೇಕೆಂದು ನೆಪ ಹೇಳಿ ನಾನೂ ಹಿಂದೆ ಹೋದೆ. ಅಪ್ಪ ಧನ್ಯವಾದ ಹೇಳಲು ಹೋಗಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು, ಶಲ್ಯದ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. ‘ನೋಡಪ್ಪ, ನಮ್ಮದು ಹೆಣ್ಣುಮಗು. ನೀನು ಎಲ್ಲಾದರೂ ಬಾಯಿ ಬಿಟ್ಟರೆ...’

‘ಏನ್ ಬಾಯಿ ಬುಡೋದು ಸಾ? ಎಣ್ಣೆ ಒರೆಸಿರ್ಲಿಲ್ಲ, ನನ್ ತಪ್ಪು’ ಅಂದರು ಮಾಸ್ಟರು. ಅಪ್ಪ ಅವರ ಮುಖ ನೋಡಿದರು. ಇಬ್ಬರಿಗೂ ಎಲ್ಲವೂ ಗೊತ್ತಿತ್ತು.

ಕೆಳಗಿಳಿದಾಗ ಗಿರಣಿಯ ಮುಂದೆ ಹಿಟ್ಟು ಹಾಕಿಸಲು ನಾಲ್ಕಾರು ಜನ ನಿಂತಿದ್ದರು. ‘ಏನ್ ಮೇಷ್ಟ್ರೇ, ಮಗಳು ಬಿದ್ಬುಟ್ರಂತೆ?’ ಅಂತ ಒಬ್ಬರು ಕೇಳಿದರು. ಅಪ್ಪ ‘ಹೌದು, ನೆಲ ತುಂಬ ಜಾರುತ್ತಂತೆ. ಸ್ವಲ್ಪ ಜವಾಬ್ದಾರಿ ಬೇಡ್ವೇ?’ ಅಂದರು. ನಾನು ಪಕ್ಕದಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಮೇಲಿನ ಕಿಟಕಿ ತೆರೆದಿತ್ತು. ಆ ಮಾತು ಅವರಿಗೆ ಕೇಳಿಸಿಯೇ ಇರುತ್ತದೆ.

ಒಂದು ವಾರದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಎಣ್ಣೆ ಒರೆಸದೆ ಮಕ್ಕಳನ್ನು ಕುಣಿಸುವವನ ಹತ್ತಿರ ಯಾರು ಕಳಿಸುತ್ತಾರೆ? ಹಾಸನದಲ್ಲಿ ಮಕ್ಕಳಿಂದ ಕಾರ್ಯಕ್ರಮ ಮಾಡಿಸಬೇಕೆಂದು ಊರಿಗೆ ಬಂದಾಗಿನಿಂದ ಕಾದಿದ್ದರು, ಅದೂ ನಿಂತುಹೋಯಿತು. ಗಿರಣಿಯ ಯಜಮಾನರು ತಮ್ಮ ಎಣ್ಣೆಯ ಹೆಸರು ಬಂತೆಂದು ಸಿಟ್ಟಾಗಿ ಹಾಲ್ ಖಾಲಿ ಮಾಡಿಸಿದರು. ಮಾಸ್ಟರು ಹೊರಟ ಬೆಳಿಗ್ಗೆ ನಾನು ಅಟ್ಟದ ಕಿಂಡಿಯಿಂದ ನೋಡಿದೆ. ಭುಜದ ಮೇಲೆ ಟೇಪ್ ರೆಕಾರ್ಡರು, ಕೈಯಲ್ಲೊಂದು ಚೀಲ. ನಮ್ಮ ಬೀದಿಯ ಮೂಲಕವೇ ಬಸ್ ನಿಲ್ದಾಣಕ್ಕೆ ಹೋದರು. ನಮ್ಮ ಮನೆಯ ಕಡೆ ತಲೆ ಎತ್ತಲಿಲ್ಲ. ಅರಕಲಗೂಡಿನ ಸಂಬಂಧ ಬೇರೇನೋ ಕಾರಣಕ್ಕೆ ಕೂಡಿಬರಲಿಲ್ಲ. ನಾನು ಮಾತ್ರ ಅಂದಿನಿಂದ ಒಂದು ಹೊತ್ತೂ ಮಾತ್ರೆ ತಪ್ಪಿಸಲಿಲ್ಲ. ಯಾಕೆ ಬಂತು ಅಂತ ಅಮ್ಮ ಎಷ್ಟು ಸಲ ಕೇಳಿದರೂ ನಿಜ ಹೇಳಲಿಲ್ಲ.

ಕೆಲವು ವರ್ಷದ ಮೇಲೆ ಚನ್ನರಾಯಪಟ್ಟಣಕ್ಕೆ ನನ್ನ ಮದುವೆಯಾಯಿತು. ಗಂಡನಿಗೆ ಮೊದಲೇ ಹೇಳಿದ್ದೆ. ಅವರು ಒಳ್ಳೆಯವರು, ಆದರೆ ‘ನಮ್ಮಮ್ಮನಿಗೆ ಮಾತ್ರ ಬೇಡ’ ಅಂದರು. ಹೀಗೆ ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಬಂತು. ಅಲ್ಲಿಯೇ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರ್ ಆದೆ.

ಒಂದು ಮಧ್ಯಾಹ್ನ ಅತ್ತೆಯ ಜೊತೆ ಆಟೋ ಹತ್ತಿದೆ. ಮುಂದಿನ ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಂಡಿತು. ಬ್ರೇಕಿನ ಮೇಲಿದ್ದ ಪಾದ ನೋಡಿದೆ, ಮಾಸ್ಟರೇ ಅನ್ನುವುದರಲ್ಲಿ ಅನುಮಾನ ಉಳಿಯಲಿಲ್ಲ. ಈಗ ಮಾತಾಡಿಸುತ್ತಾರೆ, ‘ಈಗ ಎಂಗಿದೀರಾ’ ಅಂತ ಕೇಳುತ್ತಾರೆ, ಅತ್ತೆ ‘ಏನಾಗಿತ್ತು?’ ಅನ್ನುತ್ತಾರೆ. ದಾರಿಯುದ್ದಕ್ಕೂ ಕಿಟಕಿಯಿಲ್ಲದ ಆ ಆಟೋದಲ್ಲಿ ಹೊರಗೆ ನೋಡುತ್ತಾ, ಮಾತಾಡಿಸದಿರಲಿ ಅಂತ ಬೇಡಿಕೊಂಡೆ. ಅವರು ಮಾತಾಡಿಸಲಿಲ್ಲ. ಮನೆ ಮುಂದೆ ನಿಲ್ಲಿಸಿ, ಅತ್ತೆಗೆ ಹೇಳುವಂತೆ, ‘ನಿಧಾನಕ್ಕೆ ಇಳೀರಮ್ಮ’ ಅಂದರು. ಅಷ್ಟೇ. ಆಟೋ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಉಸಿರು ಬಂತು. ಬಂದ ಉಸಿರಿನ ಹಿಂದೆಯೇ ನನ್ನ ಬಗ್ಗೆ ಅಸಹ್ಯವೂ ಬಂತು. ನಾಳೆ ಆಟೋ ಸ್ಟ್ಯಾಂಡಿಗೆ ಹೋಗಿ ಮಾತಾಡಿಸಬೇಕು ಅಂದುಕೊಂಡೆ. ಆ ನಾಳೆಗಳು ಎರಡು ವರ್ಷ ನಡೆದವು. ದೂರದಿಂದ ಆ ಸ್ಟ್ಯಾಂಡು ಕಂಡರೆ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದೆ.

ಆಮೇಲೊಂದು ಬೆಳಿಗ್ಗೆ ಶಾಲೆಗೆ ಹೋಗುವಾಗ ಸ್ಟ್ಯಾಂಡಿನಲ್ಲಿ ಹಾರ ಹಾಕಿದ ಫ್ಲೆಕ್ಸ್ ಬೋರ್ಡ್ ಕಂಡಿತು. ಭಾವಪೂರ್ಣ ಶ್ರದ್ಧಾಂಜಲಿ. ಮಾಸ್ಟರ ಪೂರ್ತಿ ಹೆಸರನ್ನು ನಾನು ಓದಿದ್ದು ಅದೇ ಮೊದಲು. ಕಾಮಾಲೆಯಂತೆ. ಔಷಧಿ ಕಟ್ಟಿಸಿಕೊಂಡು ಬಂದು ಮತ್ತೆ ಆಟೋ ಓಡಿಸುತ್ತಲೇ ಇದ್ದರಂತೆ. ಸ್ಟ್ಯಾಂಡಿನ ಡ್ರೈವರೊಬ್ಬರು ಮನೆಯ ದಾರಿ ಹೇಳಿದರು. ಮಾಸ್ಟರು ಮದುವೆಯಾಗಿರಲಿಲ್ಲ, ಮನೆಯಲ್ಲಿದ್ದದ್ದು ತಾಯಿ ಮತ್ತು ಗಂಡ ತೀರಿಹೋದ ಅಕ್ಕ.

ಆ ಸಂಜೆ ಹೋದೆ. ರಸ್ತೆಗೆ ಅಂಟಿಕೊಂಡ ಎರಡು ಕೋಣೆಯ ಮನೆ. ಅಕ್ಕಪಕ್ಕದ ಹೆಂಗಸರು ಜಗಲಿಯ ಮೇಲೆ ಕೂತಿದ್ದರು. ಅವರಲ್ಲೊಬ್ಬಾಕೆ ನನ್ನ ಎರಡನೆಯ ಕ್ಲಾಸಿನ ಹುಡುಗಿಯ ತಾಯಿ. ‘ಬನ್ನಿ ಟೀಚರ್’ ಅಂತ ಎದ್ದುನಿಂತಳು. ನನ್ನ ಕಾಲು ಅಲ್ಲಿಯೇ ಹಿಂದೆ ಸರಿಯಿತು. ಆದರೂ ಒಳಗೆ ಹೋದೆ.

ಅಕ್ಕ ಚಾಪೆ ಹಾಸಿದರು. ನಾನು ಹೊಳೆನರಸೀಪುರದವಳು, ಮಾಸ್ಟರ ಕ್ಲಾಸಿಗೆ ಹೋಗುತ್ತಿದ್ದೆ ಅಂದೆ. ಆಕೆ ನಿಟ್ಟುಸಿರು ಬಿಟ್ಟರು.

‘ಅಲ್ಲೇ ಅವನ ಬದುಕು ಕೆಟ್ಟದ್ದು ನೋಡಿ. ಎಣ್ಣೆ ಒರೆಸ್ದೆ ಬುಟ್ಟು ಯಾವುದೋ ಉಡ್ಗಿ ಬಿದ್ಬುಟ್ಲಂತೆ. ಊರೇ ಉಗೀತು. ಆಮ್ಯಾಕೆ ಎಲ್ಲೂ ಡ್ಯಾನ್ಸ್ ಕಲಿಸ್ಲೇ ಇಲ್ಲ. ನಮ್ಮವ್ವ ಸಿಟ್ಟು ಬಂದಾಗೆಲ್ಲ, ನೀನು ನೆಲ ನೆಟ್ಟಗೆ ಒರೆಸಿದ್ರೆ ಇಂಗಾಯ್ತಿತ್ತಾ ಅಂತ ಬಯ್ಯೋದು. ಅವನು ಒಂದು ಮಾತೂ ಆಡ್ತಿರ್ಲಿಲ್ಲ.’

ಮಾಸ್ಟರು ತಾಯಿಗೂ ನಿಜ ಹೇಳಿರಲಿಲ್ಲ. ಕೆರೆಯಲ್ಲಿ ಹೋದ ಆ ತಮ್ಮನನ್ನು ಕಂಡಿದ್ದ ಅಕ್ಕನಿಗೂ ಹೇಳಿರಲಿಲ್ಲ. ಎದ್ದು ಹೊರಟುಬಿಡಬಹುದಿತ್ತು. ಆಟೋದಲ್ಲಿ ಸುಮ್ಮನಿದ್ದ ಹಾಗೆಯೇ ಇಲ್ಲಿಯೂ ಸುಮ್ಮನಿರಬಹುದಿತ್ತು.

‘ಆ ಹುಡುಗಿ ನಾನೇ’ ಅಂದೆ. ದನಿ ನನಗೇ ಕೇಳಿಸಲಿಲ್ಲ. ‘ನೆಲದಲ್ಲಿ ಎಣ್ಣೆ ಇರಲಿಲ್ಲ. ಅವರು ದಿನಾ ಒರೆಸುತ್ತಿದ್ದರು. ನನಗೆ ಫಿಟ್ಸ್ ಬಂದಿತ್ತು. ಮಾತ್ರೆ ಬಿಟ್ಟಿದ್ದೆ. ಯಾರಿಗೂ ಗೊತ್ತಾಗಬಾರದು ಅಂತ ಅವರು ಸುಳ್ಳು ಹೇಳಿದರು. ನಾವು ಸುಮ್ಮನಿದ್ದುಬಿಟ್ಟೆವು.’

ಅಕ್ಕ ಬಯ್ಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಅಂತ ಕಾದೆ. ‘ಇದೇ ಊರಲ್ಲಿದ್ರಾ ಇಷ್ಟು ದಿನ?’ ಅಂತ ಮಾತ್ರ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಆಕೆ ಎದ್ದು ಒಳಕೋಣೆಗೆ ಹೋಗಿ ತಾಯಿಯನ್ನು ತೋಳು ಹಿಡಿದು ಕರೆತಂದರು. ತೀರಾ ಸಣ್ಣಗಾಗಿದ್ದ ಮುದುಕಿ. ನನ್ನ ಎದುರು ಕೂರಿಸಿ, ‘ಅವ್ವಂಗೆ ಕಿವಿ ಕೇಳಾಕಿಲ್ಲ. ಈಗ ಏಳಿದ್ದನ್ನ ಇನ್ನೊಂದ್ಸಲ ಏಳಿ. ಜೋರಾಗಿ ಏಳ್ಬೇಕು’ ಅಂದರು.

ಬಾಗಿಲು ತೆರೆದಿತ್ತು. ಹೊರಗೆ ಜಗಲಿಯ ಮಾತು ನಿಂತುಹೋಗಿತ್ತು. ನನ್ನ ಶಿಷ್ಯೆಯ ತಾಯಿ ಹೊಸಿಲ ಹತ್ತಿರ ಬಂದು ನಿಂತಿದ್ದಳು. ನಾಳೆ ಬೆಳಗಾಗುವುದರೊಳಗೆ ಶಾಲೆಗೆ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾಗುತ್ತದೆ. ಮುದುಕಿ ಕಿವಿಯ ಹಿಂದೆ ಅಂಗೈ ಹಿಡಿದು, ನನ್ನ ತುಟಿಯನ್ನೇ ನೋಡುತ್ತಾ ಕಾಯುತ್ತಿದ್ದರು.

ಕೂಗಿ ಹೇಳಿದೆ.

‘ಏನಂದೆ ಮಗ?’ ಅಂತ ಆಕೆ ಇನ್ನೂ ಹತ್ತಿರ ಬಗ್ಗಿದರು.

ಬೀದಿಗೇ ಕೇಳಿಸುವಂತೆ ಮತ್ತೆ ಹೇಳಿದೆ. ‘ನಿಮ್ಮ ಮಗ ನೆಲ ಒರೆಸಿದ್ದರು ಅವ್ವ.’